ಹುಳವಾದವನ ಮನೆ

1

ಫ್ರಾಂಜ್ ಕಾಫ್ಕನ ‘ರೂಪಾಂತರ’ ಕತೆಯನ್ನು ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಎತ್ತಿಕೊಳ್ಳುವುದು ಯಾಕೆ ಎಂದು ಕೇಳುವ ಗೆಳೆಯರಿದ್ದಾರೆ. ಪ್ರಾಗ್ ನಗರದ ಒಬ್ಬ ನೌಕರ 1912ರಲ್ಲಿ ಬರೆದು 1915ರಲ್ಲಿ ಅಚ್ಚಾದ ಜರ್ಮನ್ ಕತೆಗೂ ಹರಿಹರದ ಕೇರಿಗೂ ಎತ್ತಣ ಸಂಬಂಧ? ಪ್ರಶ್ನೆ ನ್ಯಾಯವಾದದ್ದೇ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದು ಹೇಳಿ ಮಂತ್ರಿಗಿರಿಯನ್ನೇ ಕಳೆದುಕೊಂಡರು. ಅವತ್ತಿನಿಂದ ನಮ್ಮ ಓದಿಗೆ ಒಂದು ಅಳತೆ ಸಿಕ್ಕಿತು. ಯಾವುದೇ ಬರಹವನ್ನು ಕೈಗೆತ್ತಿಕೊಂಡರೂ ಇದರಲ್ಲಿ ಕಾಳೆಷ್ಟು, ಬೂಸಾ ಎಷ್ಟು ಎಂದು ಕೇರಿ ನೋಡುವ ಹಕ್ಕು ನಮ್ಮದಾಯಿತು. ಈ ಹಕ್ಕನ್ನು ಕನ್ನಡದ ಪುಸ್ತಕಗಳ ಮೇಲೆ ಮಾತ್ರ ಚಲಾಯಿಸಿ ಪಶ್ಚಿಮದ ದೊಡ್ಡ ಹೆಸರುಗಳ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ನವ್ಯರು ಕಾಫ್ಕನನ್ನು ಕನ್ನಡಕ್ಕೆ ತಂದದ್ದು ಕಮೂ, ಸಾರ್ತ್ರೆಯರ ಜೊತೆಯಲ್ಲಿ. ಪರಕೀಯತೆ, ಅಸಂಗತ, ಒಂಟಿತನ, ಅಸ್ತಿತ್ವದ ತಲ್ಲಣ ಎಂಬ ಮಾತುಗಳ ಒಳಗೆ ಅವನನ್ನು ಕೂರಿಸಿಬಿಟ್ಟರು. ಬೆಳಗಾಗೆದ್ದು ನೋಡಿದರೆ ಗ್ರೆಗರ್ ಸಾಮ್ಸಾ ಎಂಬುವವನು ದೊಡ್ಡದೊಂದು ಹುಳವಾಗಿದ್ದಾನೆ. ಈ ಒಂದು ವಾಕ್ಯದ ಸುತ್ತಲೇ ಆ ವಿಮರ್ಶೆಯೆಲ್ಲ ಗಿರಕಿ ಹೊಡೆಯಿತು. ಆದರೆ ಗ್ರೆಗರ್ ಹುಳವಾಗುವುದು ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಮಿಕ್ಕ ಕತೆಯೆಲ್ಲ ಅವನ ಮನೆಯವರು ಏನೇನಾದರು ಎಂಬುದರದು. ಅಪ್ಪ, ಅವ್ವ, ತಂಗಿ ಮೂವರ ರೂಪವೂ ಬದಲಾಗುತ್ತದೆ. ಇದನ್ನು ಗ್ರೆಗರನ ಹಾಸಿಗೆಯ ಮೇಲಿಂದ ಓದಿದರೆ ಒಂದು ಕತೆ, ಅಡಿಗೆಮನೆಯ ಕಡೆಯಿಂದ ಓದಿದರೆ ಬೇರೆಯೇ ಕತೆ.

ಅಡಿಗೆಮನೆಯ ಲೆಕ್ಕ ಹೀಗಿದೆ. ಅಪ್ಪನ ವ್ಯಾಪಾರ ಐದು ವರ್ಷದ ಹಿಂದೆ ಮುಳುಗಿದೆ. ಆ ಸಾಲ ತೀರಿಸಲು ಮಗ ಸಾಲಗಾರನ ಕೈಕೆಳಗೇ ಊರೂರು ತಿರುಗುವ ಬಟ್ಟೆ ವ್ಯಾಪಾರದ ಆಳಾಗಿದ್ದಾನೆ. ಮೊದಮೊದಲು ಅವನು ದುಡ್ಡು ತಂದು ಮೇಜಿನ ಮೇಲಿಟ್ಟಾಗ ಮನೆಯವರಿಗೆ ಬೆರಗು, ಸಂತೋಷ. ಆಮೇಲೆ ಅದು ರೂಢಿಯಾಯಿತು. ಅವನು ಕೊಡುತ್ತಾನೆ, ಇವರು ತಗೊಳ್ಳುತ್ತಾರೆ. ಹುಳವಾದ ಬೆಳಿಗ್ಗೆಯೂ ಗ್ರೆಗರನಿಗೆ ಮೊದಲು ಕಾಡುವುದು ತನ್ನ ಕಾಲುಗಳು ಎಷ್ಟಾದವು ಎಂಬುದಲ್ಲ, ಐದು ಗಂಟೆಯ ರೈಲು ತಪ್ಪಿತಲ್ಲಾ ಎಂಬುದು. ಸ್ವಲ್ಪ ಹೊತ್ತಿಗೆ ಆಫೀಸಿನ ದೊಡ್ಡ ಗುಮಾಸ್ತ ಮನೆಬಾಗಿಲಿಗೇ ಬಂದು ನಿಲ್ಲುತ್ತಾನೆ. ಆಮೇಲೆ ಒಂದು ಸಂಗತಿ ಹೊರಬರುತ್ತದೆ. ಮಗ ಕೊಟ್ಟ ದುಡ್ಡಿನಲ್ಲಿ ಅಪ್ಪ ಒಂದಿಷ್ಟನ್ನು ಹಿಂದಿಟ್ಟುಕೊಂಡಿದ್ದಾನೆ. ಆ ದುಡ್ಡಿನಿಂದ ಸಾಲದ ಒಂದಷ್ಟು ಭಾಗ ತೀರಿ ಮಗನ ದಾಸ್ಯ ಬೇಗ ಮುಗಿಯಬಹುದಾಗಿತ್ತು. ನವ್ಯ ವಿಮರ್ಶೆ ಈ ಗಂಟನ್ನು ಬಿಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ. ಕಾಫ್ಕ 1908ರಿಂದ 1922ರವರೆಗೆ ಕಾರ್ಮಿಕರ ಅಪಘಾತ ವಿಮೆಯ ಸಂಸ್ಥೆಯಲ್ಲಿ ಕೆಲಸ ಮಾಡಿದವನು. ಯಂತ್ರಕ್ಕೆ ಬೆರಳು ಕೊಟ್ಟವರ ಅರ್ಜಿಗಳನ್ನು ದಿನವೂ ಕಂಡವನು. ದುಡಿಯುವವನ ಮೈಗೆ ಕೇಡಾದರೆ ಮನೆಯೊಳಗೆ ಏನಾಗುತ್ತದೆ ಎಂಬುದನ್ನು ಅವನು ತತ್ವಶಾಸ್ತ್ರದ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

2

ಕನ್ನಡದಲ್ಲಿ ಗ್ರೆಗರ್ ಹುಳವಾದ, ಜಿರಲೆಯಾದ, ಕೀಟವಾದ ಎಂದೆಲ್ಲ ಹೇಳುತ್ತೇವೆ. ಜರ್ಮನ್ ಮೂಲದಲ್ಲಿ ಇರುವ ಪದ ‘ಉಂಗೆತ್ಸೀಫರ್’. ಭಾಷಾಶಾಸ್ತ್ರಜ್ಞರು ಇದರ ಹಳೆಯ ಅರ್ಥವನ್ನು ಹೀಗೆ ಬಿಡಿಸುತ್ತಾರೆ: ಬಲಿಗೆ ಸಲ್ಲದ, ಶುದ್ಧವಲ್ಲದ ಪ್ರಾಣಿ. ಅಂದರೆ ಪದದ ಬೇರಿನಲ್ಲೇ ಮೈಲಿಗೆ ಇದೆ. ಹುಳ ಎಂದಕೂಡಲೆ ಈ ಮೈಲಿಗೆ ಜಾರಿಹೋಗುತ್ತದೆ. ಕಾಫ್ಕ ಹುಳದ ಮೈಕಟ್ಟನ್ನು ವರ್ಣಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಮುಟ್ಟಲಾರದವರ ನಡವಳಿಕೆಯನ್ನು ವರ್ಣಿಸುತ್ತಾನೆ. ತಂಗಿ ಗ್ರೇಟ ಅಣ್ಣನ ಊಟದ ಬಟ್ಟಲನ್ನು ಬರಿಗೈಯಿಂದ ಎತ್ತುವುದಿಲ್ಲ, ಬಟ್ಟೆಚೂರು ಹಿಡಿದು ಎತ್ತುತ್ತಾಳೆ. ಕೋಣೆಗೆ ಕಾಲಿಟ್ಟವಳೇ ಓಡಿಹೋಗಿ ಕಿಟಕಿ ತೆಗೆಯುತ್ತಾಳೆ. ತನ್ನನ್ನು ನೋಡಿ ಅವಳಿಗೆ ಅಸಹ್ಯ ಆಗದಿರಲೆಂದು ಗ್ರೆಗರ್ ತಾನೇ ಬೆಡ್‌ಶೀಟು ಎಳಕೊಂಡು ಮರೆಯಾಗುತ್ತಾನೆ.

ಹೋಟೆಲಿನ ಹೊರಗೆ ಬೇರೆ ಲೋಟ ಕಂಡವರಿಗೆ, ಮೇಲಿಂದ ಸುರಿದ ನೀರನ್ನು ಬೊಗಸೆಯಲ್ಲಿ ಹಿಡಿದವರಿಗೆ ಈ ಬಟ್ಟೆಚೂರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎದುರು ಬರುವವರಿಗೆ ತೊಂದರೆ ಆಗದಂತೆ ತಾನೇ ಸರಿದು ನಿಲ್ಲುವ ಮೈಯನ್ನು ಜಾತಿ ಹೇಗೆ ತಯಾರು ಮಾಡುತ್ತದೆ ಎಂಬುದೂ ನಮಗೆ ಗೊತ್ತು. ಆದರೆ ಇಲ್ಲಿಗೇ ನಿಂತು ಗ್ರೆಗರ್ ನಮ್ಮವನೇ ಎಂದು ಅಪ್ಪಿಕೊಂಡರೆ ಓದು ಸಲೀಸಾಗಿಬಿಡುತ್ತದೆ. ದೊಡ್ಡದೊಂದು ಅಂತರ ಉಳಿದಿದೆ. ಗ್ರೆಗರನಿಗೆ ಆಘಾತವಾಗುವುದು ನಿನ್ನೆ ರಾತ್ರಿಯವರೆಗೆ ಅವನು ಮನುಷ್ಯನಾಗಿದ್ದುದರಿಂದ. ಹುಟ್ಟಿದ ದಿನವೇ ಊರು ಯಾರನ್ನು ಹುಳವೆಂದು ಬರೆದುಕೊಂಡಿದೆಯೋ ಅವನಿಗೆ ಇಂಥ ಒಂದು ಬೆಳಗು ಇಲ್ಲ. ಅವನ ಬದುಕಿನಲ್ಲಿ ದಿಢೀರನೆ ಬರುವ ಬದಲಾವಣೆ ಹಿಮ್ಮುಖವಾದದ್ದು, ಅಂದರೆ ಹುಳ ಮನುಷ್ಯನಾಗುವುದು. ದೇವನೂರ ಮಹಾದೇವರ ಅಮಾಸ, ಹುಲಿವೇಷ ಹಾಕಿ ಕುಣಿದಾಗ ಊರ ಕಣ್ಣಿಗೆ ಬೀಳುತ್ತಾನೆ. ಪ್ರಾಣಿಯ ವೇಷ ತೊಟ್ಟ ಮೇಲೇ ಹುಡುಗ ಕಾಣಿಸುವುದು! ಕಾಫ್ಕನಿಗೂ ನಮಗೂ ಇರುವ ದೂರವನ್ನು ಈ ಎರಡು ಕತೆಗಳ ನಡುವೆಯೇ ಅಳೆಯಬಹುದು.

ಇನ್ನೊಂದು ಅಂತರವೂ ಇದೆ. ಗ್ರೆಗರನನ್ನು ಹೊರಗಿಟ್ಟದ್ದು ಮನೆ. ನಮ್ಮನ್ನು ಹೊರಗಿಟ್ಟದ್ದು ಊರು. ಊರು ಮುಟ್ಟದೆ ಬಿಟ್ಟವರನ್ನು ಅವ್ವ ಮುಟ್ಟುತ್ತಾಳೆ, ಕೇರಿ ಮುಟ್ಟುತ್ತದೆ. ಹಾಗಾಗಿ ದಲಿತ ಬರವಣಿಗೆಯಲ್ಲಿ ಮನೆಯೆಂದರೆ ಹೆಚ್ಚಾಗಿ ಆಸರೆಯ ಜಾಗ. ಈ ನಂಬಿಕೆ ಸುಳ್ಳೆಂದು ಹೇಳುತ್ತಿಲ್ಲ. ಆದರೆ ಊರಿನ ಲೆಕ್ಕ ಮನೆಯೊಳಗೂ ನುಗ್ಗಿದಾಗ ಏನಾಗುತ್ತದೆ ಎಂದು ಕೇಳಲೇಬೇಕು. ಅದಕ್ಕೆ ದಾವಣಗೆರೆಯಿಂದ ಬಹಳ ದೂರವೇನೂ ಹೋಗಬೇಕಾಗಿಲ್ಲ.

3

ಉಚ್ಚಂಗಿದುರ್ಗದ ಗುಡ್ಡ ದಾವಣಗೆರೆಗೆ ಹತ್ತಿರದ್ದು. ಅದು ಸೇರಿದ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಬಂದು, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆಗಳು ಬದಲಾದರೂ ಗುಡ್ಡದ ಮೇಲಿನ ಉಚ್ಚಂಗೆಮ್ಮನ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಬಹುಕಾಲ ನಡೆಯಿತು. ಭರತ ಹುಣ್ಣಿಮೆ ಬಂತೆಂದರೆ ಗುಡ್ಡದ ಕೆಳಗೆ ಪೊಲೀಸರೂ ಸಂಘಟನೆಯವರೂ ಕಾವಲು ನಿಲ್ಲಬೇಕಾದ ಸ್ಥಿತಿ ಇಂದಿಗೂ ಪೂರ್ತಿ ಹೋಗಿಲ್ಲ.

ಮುತ್ತು ಕಟ್ಟುವುದು ಒಂದು ದಿನದ ಶಾಸ್ತ್ರ. ಬೆಳಿಗ್ಗೆ ಗುಡ್ಡ ಹತ್ತಿದ ಹುಡುಗಿ ಸಂಜೆ ಇಳಿಯುವಾಗ ಬೇರೊಬ್ಬಳಾಗಿರುತ್ತಾಳೆ. ಕೊರಳಲ್ಲಿ ಮಣಿಸರ ಬಿದ್ದಿದೆ, ಅವಳಿಗೆ ಇನ್ನು ಮದುವೆ ಇಲ್ಲ. ಗಂಡನ ಮನೆ ಎಂಬುದಿಲ್ಲವಾದ್ದರಿಂದ ತವರೇ ಅವಳ ಮನೆ. ‘ಇನ್ ಮ್ಯಾಲೆ ಇವ್ಳೇ ನಮಗೆ ಗಂಡುಮಗ’ ಎಂದು ಹೆತ್ತವರು ಹೇಳುವ ಮಾತನ್ನು ಈ ಭಾಗದಲ್ಲಿ ಕೇಳದವರು ಕಡಿಮೆ. ಮನೆಯಲ್ಲಿ ಗಂಡು ಸಂತಾನವಿಲ್ಲ, ಅಪ್ಪನಿಗೆ ಕಾಯಿಲೆ, ಬೆನ್ನ ಹಿಂದೆ ಸಾಲ, ತಲೆಯಲ್ಲಿ ಜಡೆ ಕಟ್ಟಿತು ಎಂದು ಕಾರಣಗಳು ಹಲವು. ಆ ಮೇಲಿನ ಏರ್ಪಾಟು ಮಾತ್ರ ಒಂದೇ. ಒಬ್ಬ ಮಗಳ ಮೈ ಬದಲಾದರೆ ಮನೆಯ ಎಲ್ಲರ ಜಾಗವೂ ಬದಲಾಗುತ್ತದೆ. ಅಪ್ಪ ದುಡಿಮೆಯಿಂದ ಇಳಿಯುತ್ತಾನೆ. ತಮ್ಮ, ಅಕ್ಕನ ಗಳಿಕೆಯಲ್ಲಿ ಮದುವೆಯಾಗುತ್ತಾನೆ. ತಂಗಿಯರು ಗಂಡನ ಮನೆ ಸೇರುತ್ತಾರೆ. ಅವಳ ಮಕ್ಕಳು ತಾಯಿಯ ಮನೆಯ ಹೆಸರಿನಲ್ಲೇ ಬೆಳೆದು ಶಾಲೆಯ ರಿಜಿಸ್ಟರಿನಲ್ಲಿ ತಂದೆಯ ಹೆಸರು ಕೇಳಿದಾಗ ತಲೆ ತಗ್ಗಿಸುತ್ತಾರೆ.

ಬಳ್ಳಾರಿ ಸೀಮೆ ಮದರಾಸು ಪ್ರಾಂತದಲ್ಲಿದ್ದಾಗ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ 1890ರ ದಶಕದ ಶುರುವಿನಲ್ಲೇ ಬಸವಿಯರ ಬಗ್ಗೆ ಲೇಖನ ಬರೆದ. ದೇವರಿಗೆ ಬಿಟ್ಟ ಹೆಣ್ಣಿಗೆ ಗಂಡಿನ ಸವಲತ್ತುಗಳು ಬರುತ್ತವೆ, ಆಸ್ತಿಯ ಹಕ್ಕು ಬರುತ್ತದೆ ಎಂಬುದು ಅವನನ್ನು ಬೆರಗುಗೊಳಿಸಿತು. ಅಮೆರಿಕದ ಮಾನವಶಾಸ್ತ್ರಜ್ಞೆ ಲುಸಿಂಡ ರಾಂಬರ್ಗ್ 2014ರ ‘ಗಿವನ್ ಟು ದ ಗಾಡೆಸ್’ ಪುಸ್ತಕದಲ್ಲಿ ಉತ್ತರ ಕರ್ನಾಟಕದ ಜೋಗತಿಯರನ್ನು ಕುರಿತು ಬರೆಯುತ್ತ, ಇದನ್ನು ಬರೀ ವೇಶ್ಯಾವೃತ್ತಿಯೆಂದು ಕೈತೊಳೆದುಕೊಳ್ಳದೆ ನಂಟಸ್ತಿಕೆಯ ಒಂದು ಬಗೆಯೆಂದು ನೋಡಬೇಕು ಎಂದು ವಾದಿಸಿದರು. ಈ ಮಾತಿನಲ್ಲಿ ತೂಕವಿದೆ. ಮುತ್ತು ಕಟ್ಟಿಸಿಕೊಂಡ ಎಷ್ಟೋ ಹೆಂಗಸರು ತಮ್ಮ ಮನೆಯ ಯಜಮಾನಿಯರು. ಮನೆಯಲ್ಲಿ ಅವರ ಮಾತು ನಡೆಯುತ್ತದೆ. ಅವರನ್ನು ಕರುಣೆಯ ಬೊಂಬೆಗಳಾಗಿ ಮಾಡುವ ಸುಧಾರಕರಿಗೆ ಈ ಯಜಮಾನಿಕೆ ಕಾಣುವುದಿಲ್ಲ.

ಆದರೆ ನಾವು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಗಂಡುಮಗನ ಹಕ್ಕು ಎಂದರೆ ಯಾವುದರ ಮೇಲಿನ ಹಕ್ಕು? ಭೂಮಿ ಇದ್ದವರ ಮನೆಯಲ್ಲಿ ಗಂಡುಮಗ ಎಂದರೆ ಪಾಲುದಾರ. ತುಂಡು ನೆಲವಿಲ್ಲದ ಮಾದಿಗರ, ಹೊಲೆಯರ ಮನೆಯಲ್ಲಿ ಪಾಲು ಮಾಡಲು ಏನಿದೆ? ಅಲ್ಲಿ ಹಕ್ಕು ಆವಿಯಾಗಿ ಹೊಣೆ ಮಾತ್ರ ತಳದಲ್ಲಿ ಉಳಿಯುತ್ತದೆ. ಗಂಡುಮಗ ಕೂಲಿ ಮಾಡಿ ಹೊರುವ ಹೊಣೆಯನ್ನು ಅವಳು ಮೈಯಿಂದ ಹೊರಬೇಕು, ಅದೂ ಕೇರಿಗೆ ಹಗಲು ಕಾಲಿಡದ ಮೇಲ್ಜಾತಿಯ ಗಂಡಸಿನ ಅನುಕೂಲಕ್ಕೆ ತಕ್ಕಂತೆ. ರಾಜ್ಯ ಸರ್ಕಾರ 1993-94ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 22,873 ದೇವದಾಸಿಯರನ್ನು ಗುರುತಿಸಿತು. 2007-08ರ ಮರುಸಮೀಕ್ಷೆಯ ನಂತರ ಒಟ್ಟು ಸಂಖ್ಯೆ 46,660 ಆಯಿತು. ಇವರಲ್ಲಿ ಬಹುಪಾಲು ದಲಿತ ಹೆಂಗಸರು. ನಂಟಸ್ತಿಕೆಯ ಈ ಬಗೆ ಯಾವ ಜಾತಿಗಳ ಪಾಲಿಗೆ ಬಂತು, ಯಾವ ಜಾತಿಗಳ ಪಾಲಿಗೆ ಬರಲಿಲ್ಲ ಎಂಬುದನ್ನು ಬಿಟ್ಟು ನಂಟಸ್ತಿಕೆಯನ್ನು ಮಾತಾಡಲಾಗದು.

ಗ್ರೆಗರನ ಅಪ್ಪ ದುಡ್ಡನ್ನು ಹಿಂದಿಟ್ಟುಕೊಂಡದ್ದು ಇಲ್ಲಿ ನೆನಪಾಗಬೇಕು. ಮನೆ ಒಬ್ಬರನ್ನು ಪ್ರೀತಿಸುತ್ತಲೇ ಅವರ ಮೇಲೆ ಬದುಕಬಹುದು. ಮುತ್ತು ಕಟ್ಟಿಸಿದ ಅವ್ವ ಮಗಳನ್ನು ಪ್ರೀತಿಸುವುದಿಲ್ಲ ಎಂದು ಯಾರೂ ಹೇಳಲಾರರು. ಕರ್ನಾಟಕದ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಮುತ್ತು ಕಟ್ಟಿಸಿದವರು ತಂದೆತಾಯಿ, ಪೋಷಕರೇ ಆಗಿದ್ದರೆ ಶಿಕ್ಷೆ ಹೆಚ್ಚು ಎಂದಿತು. 2025ರಲ್ಲಿ ರಾಜ್ಯ ಶಾಸಕಾಂಗ ಒಪ್ಪಿದ ಹೊಸ ಮಸೂದೆ ದೇವದಾಸಿಯರ ಮಕ್ಕಳಿಗೆ ತಂದೆ ಯಾರೆಂದು ಗುರುತಿಸಿಕೊಳ್ಳುವ ಹಕ್ಕಿನ ಮಾತಾಡಿತು. ಮೊದಲ ಕಾನೂನಿನ ಬೆರಳು ಹೆತ್ತವರ ಕಡೆಗಿತ್ತು. ಹೊಸತು ಕಡೆಗೂ ಊರಿನ ಕಡೆ ತಿರುಗಿದೆ. ಈ ತಿರುವಿಗೆ ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

4

ಇದೇ ಸೀಮೆಯಲ್ಲಿ ಇದಕ್ಕೆ ತಿರುವುಮುರುವಾದ ರೂಪಾಂತರವೂ ನಡೆದಿದೆ. ಬಳ್ಳಾರಿ ಕಡೆಯ ಶೆಟ್ಟರ ಮನೆಯ ಮಂಜುನಾಥ ಎಂಬ ಹುಡುಗ ತಾನು ಹೆಣ್ಣೆಂದು ತಿಳಿದುಕೊಂಡ. ಮನೆಯವರು ಗದರಿದರು, ಹೊಡೆದರು, ಕಡೆಗೆ 1975ರಲ್ಲಿ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಜೋಗಪ್ಪನಾಗಿ ಬಿಟ್ಟರು. ಅವತ್ತೇ ಮಂಜುನಾಥ ಮಂಜಮ್ಮನಾದದ್ದು. ತನ್ನ ಪಾಲಿಗೆ ಮಗ ಸತ್ತ ಎಂದು ಅವ್ವ ಅತ್ತದ್ದನ್ನು ಮಂಜಮ್ಮ ಹೇಳಿಕೊಂಡಿದ್ದಾರೆ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಅವರ ಆತ್ಮಕಥನ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಮಗಳಿಗೆ ಮುತ್ತು ಬಿದ್ದಾಗ ಮನೆಗೆ ಒಬ್ಬ ಗಂಡುಮಗ ಸಿಕ್ಕ. ಮಗನಿಗೆ ಮುತ್ತು ಬಿದ್ದಾಗ ಮನೆಗೆ ಒಬ್ಬ ಗಂಡುಮಗ ಸತ್ತ. ಅಮ್ಮನ ಹೆಸರು ಬೇರೆಯಾದರೂ ಮಣಿಸರ ಒಂದೇ ಬಗೆಯದು. ಆದರೆ ಒಂದು ಮನೆ ಒಳಗಿಟ್ಟುಕೊಂಡಿತು, ಇನ್ನೊಂದು ಮನೆ ಹೊರಗೆ ಕಳಿಸಿತು. ಬಡವರ ಮನೆಗೆ ದುಡಿಯುವ ಮೈ ಬೇಕಿತ್ತು, ಮರ್ಯಾದಸ್ತರ ಮನೆಗೆ ವಂಶದ ಹೆಸರು ಬೇಕಿತ್ತು. ದೇವಿಯ ಇಚ್ಛೆ ಎಂದು ಇಬ್ಬರೂ ಹೇಳಿದ್ದು ತಂತಮ್ಮ ಮನೆಯ ಲೆಕ್ಕವನ್ನೇ. ಹರಿಹರದ ಗುಡಿಯಲ್ಲಿ 13ನೆಯ ಶತಮಾನದಿಂದ ನಿಂತಿರುವ ದೇವರು ಅರ್ಧ ಹರಿ, ಅರ್ಧ ಹರ. ಒಂದೇ ಮೈಯಲ್ಲಿ ಎರಡು ರೂಪ ಹೊತ್ತ ಆತನಿಗೆ ಗರ್ಭಗುಡಿ ಸಿಕ್ಕಿತು. ಒಂದೇ ಮೈಯಲ್ಲಿ ಎರಡು ರೂಪ ಹೊತ್ತ ಮನುಷ್ಯರಿಗೆ ಸಿಕ್ಕಿದ್ದು ಬಸ್‌ಸ್ಟ್ಯಾಂಡು.

ಬಸ್‌ಸ್ಟ್ಯಾಂಡು ಎಂದದ್ದು ಅಲಂಕಾರಕ್ಕಲ್ಲ. ಮನೆ ಬಿಟ್ಟು ಭಿಕ್ಷೆ ಬೇಡಿ ಬದುಕುತ್ತಿದ್ದ ಮಂಜಮ್ಮ ದಾವಣಗೆರೆ ಬಸ್ ನಿಲ್ದಾಣದಲ್ಲಿ ಅಪ್ಪ-ಮಗ ಇಬ್ಬರನ್ನು ಕಂಡರು. ಅಪ್ಪ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅವರಿಂದ ಕುಣಿತ ಕಲಿತು, ಮುಂದೆ ಹಗರಿಬೊಮ್ಮನಹಳ್ಳಿ ಕಡೆಯ ಕಾಳವ್ವ ಜೋಗತಿಯ ಜೊತೆಯಲ್ಲಿ ಮೇಳ ಕಟ್ಟಿಕೊಂಡರು. ಮಗ ಸತ್ತ ಎಂದ ಮನೆಯಿಂದ ಹೊರಬಿದ್ದ ಜೀವಕ್ಕೆ ದಾರಿ ತೋರಿದ್ದೂ ಒಂದು ಅಪ್ಪ-ಮಗನ ಜೋಡಿ ಎಂಬುದನ್ನು ಗಮನಿಸಬೇಕು. ಅದು ರಕ್ತದ ನಂಟಲ್ಲ, ಕಸುಬಿನ ನಂಟು. ಜೋಗತಿಯರ ಲೋಕದಲ್ಲಿ ಗುರುವೇ ಅವ್ವ, ಜೊತೆಗಾರರೇ ಅಕ್ಕತಂಗಿಯರು. ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ಗ್ರೆಗರನಿಗೆ ಸಿಗದೆ ಹೋದದ್ದು ಇದು. ಅವನ ಕೋಣೆಗೆ ಬಾಗಿಲು ಮೂರಿದ್ದರೂ ಮೂರೂ ಆ ಮನೆಯೊಳಗೇ ತೆರೆಯುತ್ತಿದ್ದವು. ಅವನಂಥ ಇನ್ನೊಬ್ಬ ಹುಳ ಅವನಿಗೆ ಎಲ್ಲೂ ಎದುರಾಗಲಿಲ್ಲ.

5

ದಲಿತ ಚಳವಳಿ ಮಾಡಿದ್ದೂ ಇಂಥ ಹೊಸ ನಂಟು ಕಟ್ಟುವ ಕೆಲಸವನ್ನೇ. ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ 1970ರ ದಶಕದಲ್ಲಿ ಭದ್ರಾವತಿಯಿಂದ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದಾಗ ಊರೂರಿನ ಹುಡುಗರಿಗೆ ಕೇರಿಯ ಆಚೆಗೂ ಅಣ್ಣಂದಿರು ಸಿಕ್ಕರು. ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು 1986ರಲ್ಲಿ ತಡೆಯಲು ಹೋದ ಕಾರ್ಯಕರ್ತರು ಪೆಟ್ಟು ತಿಂದರು, ಅವಮಾನ ಉಂಡರು. ಅವರು ಅಲ್ಲಿ ನಿಂತದ್ದು ತಮ್ಮ ಮನೆಯವರಲ್ಲದ ಅಕ್ಕತಂಗಿಯರಿಗಾಗಿ.

ಚಳವಳಿ, ಓದು, ನೌಕರಿ ಈ ಮೂರರಿಂದ ನಮ್ಮ ಮನೆಗಳಲ್ಲಿ ಒಬ್ಬೊಬ್ಬರು ದಿಢೀರನೆ ಮನುಷ್ಯರಾದರು. ಅರವಿಂದ ಮಾಲಗತ್ತಿಯವರು 1994ರ ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟರಲ್ಲ, ಆ ಹೆಸರಿನಲ್ಲೇ ಈ ರೂಪಾಂತರದ ವ್ಯಂಗ್ಯವಿದೆ. ಇಂಥ ಮನುಷ್ಯನ ನೋವು, ಅವನ ಎರಡು ಲೋಕದ ನಡುವಿನ ಒದ್ದಾಟ ನಮ್ಮ ಸಾಹಿತ್ಯದಲ್ಲಿ ಚೆನ್ನಾಗಿ ಬಂದಿದೆ. ಅವನ ಮನೆಯಲ್ಲಿ ಉಳಿದವರ ರೂಪಾಂತರ ಅಷ್ಟಾಗಿ ಬಂದಿಲ್ಲ. ಅಣ್ಣ ಹಾಸ್ಟೆಲಿಗೆ ಹೋದಾಗ ಅವನ ಪಾಲಿನ ಕೂಲಿಗೆ ಯಾರು ಹೋದರು? ಅವನ ಪರೀಕ್ಷೆ ಫೀಜಿಗೆ ಮನೆಯ ಯಾವ ಪಾತ್ರೆ ಹೋಯಿತು? ಅವನು ಸಾಹೇಬನಾಗಿ ಬಂದಾಗ ಅಪ್ಪ ಅವನ ಮುಂದೆ ಬೀಡಿ ಸೇದುವುದಕ್ಕೂ ಹಿಂಜರಿದನಲ್ಲ, ಆ ಹಿಂಜರಿಕೆಯ ಕತೆ ಯಾರದು?

ಕಾರ್ಖಾನೆಯ ಮನೆಗಳಲ್ಲೂ ಇದೇ ಪ್ರಶ್ನೆ ಇದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಹತ್ತಿ ಗಿರಣಿಗಳು ಒಂದೊಂದೇ ನಿಂತವು. 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಶುರುವಿನ ಹೊತ್ತಿಗೆ ಬಾಗಿಲು ಹಾಕಿತು. ಸೈರನ್ ನಿಂತ ಮರುದಿನ ಬೆಳಿಗ್ಗೆ ಎಷ್ಟೋ ಅಪ್ಪಂದಿರು ಹಾಸಿಗೆಯಲ್ಲಿ ಎಚ್ಚರವಾಗಿ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಉಳಿದರು. ಮೈ ಅದೇ ಇತ್ತು, ಮನೆಯೊಳಗಿನ ಜಾಗ ಹೋಗಿತ್ತು. ನಿನ್ನೆಯವರೆಗೆ ಯಾರ ಸಂಬಳಕ್ಕೆ ಮನೆ ಕಾಯುತ್ತಿತ್ತೋ ಅವರು ಇವತ್ತು ಚಾ ಕೇಳಲೂ ಅಳುಕಿದರು. ಹೆಂಗಸರು ಮನೆಗೆಲಸಕ್ಕೋ ಹೊಲಿಗೆಗೋ ನಿಂತರು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಚಿಕ್ಕ ಮಕ್ಕಳು ದುಡಿದ ಊರು ಇದು. ಮನೆಯ ದೊಡ್ಡವರ ದುಡಿಮೆ ನಿಂತರೆ ಚಿಕ್ಕವರ ಬಾಲ್ಯ ಮುಗಿಯುತ್ತದೆ ಎಂಬುದಕ್ಕೆ ಇಲ್ಲಿ ಬೇರೆ ಸಾಕ್ಷಿ ಬೇಡ.

6

ಈಗ ಕಾಫ್ಕನ ಕತೆಯ ಕೊನೆಯ ದೃಶ್ಯಕ್ಕೆ ಬರೋಣ. ಗ್ರೆಗರ್ ಸತ್ತಿದ್ದಾನೆ. ಅದರ ವಿಲೇವಾರಿಯನ್ನು ಕೆಲಸದವಳು ಮುಗಿಸುತ್ತಾಳೆ. ಸತ್ತದ್ದನ್ನು ಎತ್ತಿಹಾಕುವ ಕೆಲಸ ಪ್ರಾಗಿನಲ್ಲೂ ಯಾರ ಪಾಲಿನದು ನೋಡಿ. ಅಪ್ಪ, ಅವ್ವ, ಮಗಳು ಮೂವರೂ ರಜೆ ಹಾಕಿ ಟ್ರಾಮಿನಲ್ಲಿ ಊರಾಚೆ ತಿರುಗಾಡಲು ಹೋಗುತ್ತಾರೆ. ಬಿಸಿಲು ಬಿದ್ದಿದೆ. ಮಗಳು ಎಷ್ಟು ಚೆಂದ ಬೆಳೆದಿದ್ದಾಳೆ ಎಂದು ಹೆತ್ತವರಿಗೆ ಒಟ್ಟಿಗೇ ಹೊಳೆಯುತ್ತದೆ. ಇನ್ನು ಅವಳಿಗೊಂದು ಒಳ್ಳೆಯ ಗಂಡು ನೋಡಬೇಕು ಅಂದುಕೊಳ್ಳುತ್ತಾರೆ. ಪ್ರಯಾಣ ಮುಗಿದಾಗ ಅವಳೇ ಮೊದಲು ಎದ್ದು ಮೈಮುರಿಯುತ್ತಾಳೆ.

ಇದನ್ನು ಹೊಸ ಬದುಕಿನ ಸೂಚನೆ ಎಂದು ಓದಿದವರಿದ್ದಾರೆ. ಮುತ್ತು ಕಟ್ಟಿದ ಮನೆಗಳನ್ನು ಬಲ್ಲವರಿಗೆ ಹಾಗೆ ಓದಲು ಧೈರ್ಯ ಬರುವುದಿಲ್ಲ. ಒಂದು ಮೈ ಸವೆದು ಮುಗಿದಿದೆ, ಮನೆಯ ಕಣ್ಣು ಇನ್ನೊಂದು ಮೈಯ ಮೇಲೆ ಬಿದ್ದಿದೆ. ಅಕ್ಕ ಮುಪ್ಪಾದಳು, ಇನ್ನು ಯಾರು ಎಂದು ಮನೆ ಎಣಿಸುವ ಹೊತ್ತು ಇದು. ತಂಗಿಯೋ, ಅಕ್ಕನ ಮಗಳೋ. ಗ್ರೇಟ ಆ ಮನೆಯ ಮುಂದಿನ ಗ್ರೆಗರ್. ಕಾಫ್ಕ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟ್ರಾಮಿನ ಬಿಸಿಲಿನಲ್ಲಿ ಇಟ್ಟು ಸುಮ್ಮನಾಗುತ್ತಾನೆ. ಈ ಕತೆಯಲ್ಲಿ ನಮಗೆ ಸಿಗುವ ಕಾಳು ಇದೇ.

ಹಾಗಾದರೆ ಮನೆಯನ್ನು ದೂರಬೇಕೆ? ಮನೆಯನ್ನಷ್ಟೇ ದೂರಿ ಊರನ್ನು ಬಿಟ್ಟುಬಿಡುವುದು ಮೇಲ್ಜಾತಿಯ ಸುಧಾರಕರು ಮೊದಲಿಂದ ಮಾಡಿಕೊಂಡು ಬಂದ ಕೆಲಸ. ಊರನ್ನಷ್ಟೇ ದೂರಿ ಮನೆಯನ್ನು ಬಿಟ್ಟುಬಿಡುವುದು ನಮ್ಮ ಬರವಣಿಗೆ ಮಾಡಿಕೊಂಡು ಬಂದದ್ದು. ನೆಲವಿಲ್ಲ, ಕೂಲಿ ಸಾಲದು, ಸಾಲ ತೀರದು ಎಂಬ ಊರಿನ ಲೆಕ್ಕವೇ ಮನೆಯೊಳಗೆ ಬಂದು ಪ್ರೀತಿಯ ಮಾತಾಡುತ್ತದೆ. ಆ ಮಾತನ್ನು ಬಿಡಿಸಿ ತೋರಿಸುವುದು ದಲಿತ ವಿಮರ್ಶೆಯ ಕೆಲಸವಾಗಬೇಕು. ಒಂದು ಆತ್ಮಕಥನ ಓದುವಾಗ ಮೇಲೆ ಬಂದವನನ್ನು ಮಾತ್ರ ಕೇಳದೆ ಅವನ ಅಕ್ಕ ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟಳು ಎಂದೂ ಕೇಳಬೇಕು.

ಕಾರ್ಯಕರ್ತ ಗೆಳೆಯರಿಗೆ ಒಂದು ಮಾತು. ಭರತ ಹುಣ್ಣಿಮೆಯ ದಿನ ಗುಡ್ಡದ ಬುಡದಲ್ಲಿ ಒಬ್ಬ ಹುಡುಗಿಯನ್ನು ತಡೆದು ಮನೆಗೆ ಕಳಿಸುತ್ತೀರಿ. ಒಳ್ಳೆಯದೇ. ಆದರೆ ಆ ಮನೆ ಅವಳ ಹೆಗಲಿಗೆ ಹಾಕಲಿದ್ದ ಭಾರ ಅಲ್ಲೇ ಇದೆ. ಅಪ್ಪನ ಔಷಧಿ, ತಮ್ಮನ ಓದು, ಬಡ್ಡಿ, ಅಕ್ಕಿ. ಅದನ್ನು ಇಳಿಸುವ ನೆಲ, ಕೂಲಿ, ಪಿಂಚಣಿ, ಹಾಸ್ಟೆಲುಗಳ ಜಗಳವನ್ನು ಹುಣ್ಣಿಮೆ ಕಳೆದ ಮೇಲೂ ಮುಂದುವರಿಸದಿದ್ದರೆ ಆ ಮನೆ ಇನ್ನೊಂದು ಹೆಗಲನ್ನು ಹುಡುಕುತ್ತದೆ. ಗುಡ್ಡಕ್ಕೆ ಪೊಲೀಸರಿದ್ದರೆ ಮನೆಯ ಹಿತ್ತಲಲ್ಲೇ ಮುತ್ತು ಕಟ್ಟುತ್ತದೆ, ಇಲ್ಲದಿದ್ದರೆ ಹುಡುಗಿಯನ್ನು ದೂರದ ಊರಿನ ಕೆಲಸಕ್ಕೆ ಕಳಿಸುತ್ತದೆ.